ಇಂಪಾಲದ ಮುಂದಿನ ಸೀಟು

ಟ್ರಾಕ್ಟರಿನಿಂದ ಇಬ್ಬರು ಆಳುಗಳು ಅದನ್ನು ಇಳಿಸಿ ಅಂಗಡಿಯ ಮುಂದೆ ಇಟ್ಟಾಗ ಜಯಶೀಲ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲೇ ಇಲ್ಲ.

"ಸೋಫಾ ರಿಪೇರಿ ನಾವು ಮಾಡಲ್ಲ. ಬಸ್‌ಸ್ಟ್ಯಾಂಡ್ ತಾವ ಬಡಗಿ ಅವ್ನೆ, ಅಲ್ಲಿಗೆ ತಗಂಡೋಗಿ."

"ಸೋಫಾ ಅಲ್ಲ ಕಣಮ್ಮಿ, ಕಾರಿನ ಸೀಟು."

ಆಗ ಎತ್ತಿದಳು. ಮೊಣಕೈತನಕ ಗ್ರೀಸು ಮೆತ್ತಿಕೊಂಡಿದ್ದ ಒಬ್ಬ, ಬಿಳಿ ಅಂಗಿ ಹಾಳಾಗದ ಹಾಗೆ ಕೈಗಳನ್ನು ದೂರ ಹಿಡಿದು ನಿಂತಿದ್ದ. ರೆಕ್ಕೆ ಒಣಗಿಸುವ ಕೊಕ್ಕರೆಯ ಹಾಗೆ.

"ಯಾವ ಕಾರಲ್ಲಿ ಇಷ್ಟಗಲದ ಸೀಟಿರ್ತದೆ? ಬಾಣಂತಿ ಮಲಗಿಸ್ಬೋದು ಇದ್ರಲ್ಲಿ."

"ಇಂಪಾಲ. ಅಮೇರಿಕದ್ದು. ಎಂಟು ಸಿಲಿಂಡರು." ಮನೆತನ ಹೇಳಿಕೊಳ್ಳುವವನ ಹಾಗೆ ಹೇಳಿದ.

"ಸಿಲಿಂಡರು ಎಂಟಿರ್ಲಿ. ಒಳಗೆ ಕೋಳಿ ಮೊಟ್ಟೆ ಇಟ್ಟದಲ್ಲ, ಅದನ್ನೇನು ಮಾಡ್ಲಿ?"

ಅವನು ಬಗ್ಗಿ ನೋಡಿದ. ತುಕ್ಕು ಹಿಡಿದ ಸ್ಪ್ರಿಂಗುಗಳ ನಡುವೆ ತೆಂಗಿನ ನಾರಿನ ಗೂಡು, ಅದರಲ್ಲಿ ಒಂದು ಮೊಟ್ಟೆ. ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ಮುಖಕ್ಕಿಂತ ಮೊದಲು ಕಿವಿ ಕೆಂಪಾಗುವ ಗಂಡಸರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

"ಅದು ನಿಂಗೇ ಇರ್ಲಿ," ಎಂದು ಹೇಳಿ ಹೊರಟುಹೋದ.

ಅದು ತೊಂಬತ್ಮೂರನೇ ಇಸವಿ. ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ ಕುಳ್ಳಯ್ಯನ ಕುಶನ್ ಅಂಗಡಿ ಎಂದರೆ ಕಬ್ಬಿನ ಲಾರಿಯವರಿಗೆಲ್ಲ ಗೊತ್ತು. ಕುಳ್ಳಯ್ಯನ ಸೊಂಟ ಬಿದ್ದ ಮೇಲೆ ಕತ್ತರಿ ಮಗಳ ಕೈಗೆ ಬಂದಿತ್ತು. ಪಿಯುಸಿ ಮುಗಿಸಿದ್ದ ಜಯಶೀಲ ಲಾರಿ ಸೀಟು, ಟ್ರಾಕ್ಟರ್ ಸೀಟು, ಟೆಂಟ್ ಸಿನಿಮಾದ ಕುರ್ಚಿ ಎಲ್ಲವನ್ನೂ ಹೊಲಿದಿದ್ದಳು. ಇಷ್ಟು ದೊಡ್ಡ ಸೀಟು ಮಾತ್ರ ಇದೇ ಮೊದಲು.

ಅವನ ಹೆಸರು ಚಲುವರಾಜು. ಊರಾಚೆಯ ತೋಟದ ಮನೆಯ ರಂಗಸ್ವಾಮಿಗೌಡರ ಮಗ. ಮೈಸೂರಿನಲ್ಲಿ ಕಂಟ್ರಾಕ್ಟರಾಗಿದ್ದ ದೊಡ್ಡಪ್ಪ ತೀರಿಕೊಂಡಾಗ, ಮೈಸೂರಿನ ಮನೆ ಅವರ ಮಕ್ಕಳಿಗೆ, ಕೆಟ್ಟು ನಿಂತಿದ್ದ ಕಾರು ಇವನಿಗೆ ಎಂದಾಯಿತು. ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದು ಹಿತ್ತಲಿನ ಹಳೇ ಆಲೆಮನೆಗೆ ನೂಕಿದರು. ಕಬ್ಬೆಲ್ಲ ಫ್ಯಾಕ್ಟರಿಗೆ ಹೋಗುವಂತಾದ ಮೇಲೆ ಬೆಲ್ಲ ಕಾಯಿಸುವುದು ನಿಂತಿತ್ತು. ಕೊಪ್ಪರಿಗೆ ಇದ್ದ ಜಾಗದಲ್ಲಿ ಕಾರು ನಿಂತಿತು.

"ಡೀಸೆಲ್ ಇಂಜಿನ್ ಹಾಕ್ಸು, ಮ್ಯಾಟಡೋರ್‌ದು ಸಿಕ್ತದೆ" ಎಂದರು ನೋಡಿದವರೆಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದ ಕಾಲ ಅದು. ಚಲುವರಾಜು ಒಪ್ಪಲಿಲ್ಲ. ಹುಟ್ಟಿದಾಗ ಇದ್ದ ಇಂಜಿನ್ನಿನಲ್ಲೇ ಎಬ್ಬಿಸುತ್ತೇನೆ ಎಂದು ಒಂದೊಂದೇ ಬೋಲ್ಟು ಬಿಚ್ಚುತ್ತಾ ಕೂತ.

ಆ ಹಟವೇ ಅವಳಿಗೆ ಹಿಡಿಸಿದ್ದು. ಹಟವಿರುವವನು ಎಲ್ಲದರಲ್ಲೂ ಹಟ ಹಿಡಿಯುತ್ತಾನೆ ಎಂದುಕೊಂಡಳು.

ಅಳತೆ ತೆಗೆಯಲು ಆಲೆಮನೆಗೆ ಹೋಗಬೇಕಾಯಿತು. ಬಾಗಿಲಿಗೆ, ಮೇಲಿನ ಚಾವಣಿಗೆ, ಹಿಂದಿನ ಸೀಟಿಗೆ. ಒಂದೇ ದಿನದಲ್ಲಿ ತೆಗೆಯಬಹುದಾದ ಅಳತೆಯನ್ನು ಅವಳು ಒಂದು ಬೇಸಿಗೆ ಪೂರ್ತಿ ತೆಗೆದಳು. ಅವನೂ ತಪ್ಪು ಹಿಡಿಯಲಿಲ್ಲ.

ಮೈಸೂರಿನಿಂದ ತಂದ ಕೆಂಪು ರೆಕ್ಸಿನ್ನನ್ನು ಅವನು ಎರಡು ಕೈಯಲ್ಲಿ ಎಳೆದು ಹಿಡಿಯುತ್ತಿದ್ದ. ಅವಳು ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದಳು. ಗೆರೆ ಅವನ ಬೆರಳಿನ ಹತ್ತಿರ ಬಂದಾಗ ಅವಳ ಕೈ ನಿಧಾನವಾಗುತ್ತಿತ್ತು.

"ಕೈ ತೆಗೀರಿ, ಗೆರೆ ಎಳೀಬೇಕು."

"ಕೈ ಮೇಲೇ ಎಳ್ಕೊ. ತೊಳ್ಕತೀನಿ."

"ಗ್ರೀಸೇ ಹೋಗಿಲ್ಲ ಮೂರ್ ತಿಂಗಳಿಂದ. ಚಾಕ್ ಹೋಗ್ತದಾ?"

"ಹೋಗ್ದಿದ್ರೆ ಇನ್ನೂ ಒಳ್ಳೇದು."

ಅವಳು ಗೆರೆಯನ್ನು ಅವನ ಹೆಬ್ಬೆರಳಿನ ಮೇಲೆ ಹಾಯಿಸಿ, ಆ ಕಡೆಯಿಂದ ಮುಂದುವರಿಸಿದಳು. ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಸಕ್ಕರೆ ಫ್ಯಾಕ್ಟರಿಯ ಕಾಕಂಬಿಯ ಹುಳಿ ವಾಸನೆ ಕೂಡ ಸಿಹಿಯಾಗಿತ್ತು.

ಇನ್ನೊಂದನ್ನೂ ಅವಳು ಆ ಆಲೆಮನೆಯಲ್ಲೇ ನೋಡಿದ್ದಳು. ಚಲುವರಾಜುವಿನ ತಾಯಿ ಪುಟ್ಟಲಕ್ಷ್ಮಮ್ಮ ಒಳ್ಳೆಯ ಹೆಂಗಸು. "ಬಿಸ್ಲಲ್ಲಿ ಬಂದಿದ್ದೀಯಲ್ಲವ್ವ" ಎಂದು ಕಾಫಿ ತರುತ್ತಿದ್ದರು. ಮಗನಿಗೆ ಕೈಗೆ ಕೊಡುತ್ತಿದ್ದರು. ಅವಳ ಲೋಟವನ್ನು ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಕುಡಿದ ಮೇಲೆ ಅವಳೇ ತೊಟ್ಟಿಯ ಹತ್ತಿರ ತೊಳೆದು, ಮತ್ತೆ ಅಲ್ಲೇ ಬೋರಲು ಹಾಕಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಅವಳು ಲೋಟ ತೊಳೆಯುವಾಗ ಚಲುವರಾಜು ಕಾರಿನ ಕೆಳಗೆ ಮಲಗಿ ಯಾವುದೋ ನಟ್ಟು ಹುಡುಕುತ್ತಿದ್ದ. ಪ್ರತಿ ಸಲವೂ ಅದೇ ಹೊತ್ತಿಗೆ ಅವನ ನಟ್ಟು ಕಳೆಯುತ್ತಿತ್ತು.

ಮುಂದಿನ ಸೀಟು ಹೊಲಿದು ಕೂರಿಸಿದ ದಿನ ಇಬ್ಬರೂ ಅದರಲ್ಲಿ ಕೂತರು. ಕಾರಿಗೆ ಚಕ್ರವಿರಲಿಲ್ಲ, ಸೈಜುಗಲ್ಲಿನ ಮೇಲೆ ನಿಂತಿತ್ತು. ಅಮೇರಿಕದ ಗಾಡಿಯಾದ್ದರಿಂದ ಸ್ಟೇರಿಂಗು ಎಡಗಡೆ. ಬಲಗಡೆ ಕೂತ ಅವಳಿಗೆ ತಾನೇ ಡ್ರೈವರು ಅನ್ನಿಸಿತು. ಕೈಯಲ್ಲಿ ಸ್ಟೇರಿಂಗಿಲ್ಲ, ಅಷ್ಟೇ.

"ಎಲ್ಲಿಗೆ ಹೋಗಣ?" ಎಂದ.

"ಮೇಲುಕೋಟೆ."

"ಅಲ್ಲಿಗೆ ಬಸ್ಸಲ್ಲೂ ಹೋಗ್ಬೋದು. ಜಯಾ, ಕೇಳಿಲ್ಲಿ." ಅವನ ಕಿವಿ ಕೆಂಪಾಗಿತ್ತು. "ಈ ಗಾಡಿ ಎದ್ದು ನಿಂತ ದಿನ, ಅಪ್ಪನ್ನ ಇದೇ ಸೀಟಲ್ಲಿ ಕೂರಿಸ್ಕಂಡು ನಿಮ್ಮನೆ ಬಾಗ್ಲಿಗೆ ಬತ್ತೀನಿ. ಹೆಣ್ಣು ಕೇಳಕ್ಕೆ. ಹಿಂಬಾಗ್ಲಿಂದ ಅಲ್ಲ, ಸ್ಟೇಷನ್ ರೋಡಲ್ಲೇ, ಎಲ್ರೂ ನೋಡಂಗೆ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅವನ ಗ್ರೀಸಿನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಳು.

ಅಲ್ಲಿಂದ ಅವಳು ಕಾಯಲು ಶುರುಮಾಡಿದಳು. ಇಂಜಿನ್ ಕಾಯುವವಳು ಇಂಜಿನ್ನಿನ ಭಾಷೆ ಕಲಿಯಬೇಕು. ಪಿಸ್ಟನ್ ರಿಂಗು ಬಂತು. ಬ್ರೇಕಿಗೆ ಶ್ರೀರಂಗಪಟ್ಟಣದ ಒಬ್ಬ ಹಳೇ ಫಿಟ್ಟರು ಸಿಕ್ಕಿದ. ಬಣ್ಣ ಆಯಿತು. ಚಕ್ರ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆಮೇಲೆ ಕಾರ್ಬುರೇಟರು. ಅದರದೊಂದು ಭಾಗ ಬಾಂಬೆಯಿಂದ ಬರಬೇಕಿತ್ತು. ಮಳೆಗಾಲ ಮುಗಿದರೂ ಬರಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು.

ಈ ನಡುವೆ ನಾಗಮಂಗಲದ ಕಡೆಯ ಒಂದು ಸಂಬಂಧವನ್ನು ಅವಳು ಬೇಡವೆಂದಳು. ಕೆಆರ್ ಪೇಟೆಯದೊಂದನ್ನು ಕಾರಣ ಹೇಳದೆ ತಳ್ಳಿದಳು. ಈಗ ಹೊಸಹೊಳಲಿನ ಧರ್ಮೇಂದ್ರ ಎಂಬ ಲೈನ್‌ಮನ್ ನೋಡಿಕೊಂಡು ಹೋಗಿದ್ದ. ಇವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಬರುವಾಗ ಮೆಷಿನ್ ತತ್ತೀರಾ?" ಭಾನುವಾರ ಅವರಿಗೆ ಮಾತು ಕೊಡಬೇಕು.

"ಇನ್ನೆಷ್ಟು ದಿನ ನಿನ್ನ ನೆಪ ಹೇಳ್ಳವ್ವ?" ಎಂದಿದ್ದ ಕುಳ್ಳಯ್ಯ, ಮಂಚದಿಂದಲೇ. "ಯಾರಾದ್ರೂ ಇದ್ರೆ ಬಂದು ಕೇಳ್ಲಿ. ನಾನೇನ್ ಹೊಡ್ದಾಕ್ತೀನಾ?"

ಗುರುವಾರ ಮಧ್ಯಾಹ್ನ ಕಾರಿನ ಬಾಗಿಲಿನ ಕೊನೆಯ ರೆಕ್ಸಿನ್ ಪಟ್ಟಿಗಳನ್ನು ಹಿಡಿದು ಅವಳು ತೋಟದ ಮನೆಯ ಹಿತ್ತಲಿಗೆ ಬಂದಾಗ ಚಲುವರಾಜು ಇರಲಿಲ್ಲ. ಟ್ರಾಕ್ಟರ್ ಓಡಿಸುವ ನರಸಯ್ಯ ನೆರಳಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಸೀಟು ಏನ್ ಹೊಲ್ದಿದ್ದೀಯವ್ವ! ಹೊಸಹೊಳಲಿಗೆ ಹೋಗ್ಬರೋಗಂಟ ಬೆನ್ನು ಒಂದ್ ಸಲ ನೋಯ್ಲಿಲ್ಲ."

"ಯಾವ ಸೀಟು?"

"ಇದೇ, ಇಂಪಾಲದ್ದು. ದೀಪಾವಳಿ ಹಿಂದ್ಗಡೆ, ದೊಡ್ಡವರು ಮದ್ವೆಗೋಗಿದ್ರಲ್ಲ, ಆಗ ಚಲುವಪ್ಪ ನನ್ನ ಕೂರಿಸ್ಕಂಡು ಓಡ್ಸುದ್ರು. ಹುಲಿ ಹೋದಂಗೆ ಹೋಯ್ತದೆ!"

ಬಾಂಬೆಯಿಂದ ಇನ್ನೂ ಬಂದಿಲ್ಲ ಎಂದಿದ್ದ ಭಾಗ ದೀಪಾವಳಿಯ ಹೊತ್ತಿಗೇ ಗಾಡಿಯೊಳಗಿತ್ತು. ಅವಳು ಪಟ್ಟಿಗಳನ್ನು ಕೆಳಗಿಟ್ಟಳು.

ಚಲುವರಾಜು ಬಂದಾಗ ಅವಳು ಬಾನೆಟ್ ಎತ್ತಿ ನೋಡುತ್ತಿದ್ದಳು. ಕಾರ್ಬುರೇಟರು ಬಿಚ್ಚಿ ಬಟ್ಟೆಯ ಮೇಲೆ ಹರಡಿತ್ತು, ಹಬ್ಬಕ್ಕೆ ಬೆಳಗಿದ ಪಾತ್ರೆಗಳ ಹಾಗೆ.

"ಎಷ್ಟು ಸಲ ಬಿಚ್ಚಿದ್ರಿ?"

ಅವನಿಗೆ ಅರ್ಥವಾಯಿತು. ನರಸಯ್ಯ ಎದ್ದು ಟ್ರಾಕ್ಟರಿನ ಕಡೆ ಹೋದ.

"ಸೌಂಡು ಸರಿಯಿರ್ಲಿಲ್ಲ ಜಯಾ..."

"ಹೊಸಹೊಳಲಿಗೆ ಹೋಗ್ಬರೋಗಂಟ ಸರಿಯಿತ್ತು. ಸ್ಟೇಷನ್ ರೋಡಿಗೆ ಬರಕ್ಕೆ ಸರಿಯಿಲ್ವಾ?"

ಅವನು ಬಾನೆಟ್ಟಿನ ಅಂಚು ಹಿಡಿದು ನಿಂತ. "ಅಪ್ಪನ್ನ ಕೇಳೋ ಧೈರ್ಯ ಬರ್ಲಿಲ್ಲ. ಗಾಡಿ ನಿಂತಿದ್ರೆ ನಾಳೆ ಕೇಳಣ ಅಂತ ಇರ್ಬೋದಲ್ಲ. ಓಡ್ಬುಟ್ರೆ ಇವತ್ತೇ ಕೇಳ್ಬೇಕು. ಅದಕ್ಕೆ ಬಿಚ್ಚೋದು, ಜೋಡ್ಸೋದು... ನಿನ್ ಮೇಲೆ ಆಸೆ ಇಲ್ಲ ಅಂತ ಅಲ್ಲ ಕಣೆ. ನೀನಿಲ್ದೆ ಇರಕ್ಕಾಗಲ್ಲ. ಅದು ಸತ್ಯ."

ಸತ್ಯವೇ ಆಗಿತ್ತು. ಅವನ ಕಣ್ಣು ತುಂಬಿತ್ತು, ಕಿವಿ ಕೆಂಪಾಗಿತ್ತು. ಅದೇ ಅವಳನ್ನು ಹೆಚ್ಚು ಸುಟ್ಟಿತು. ಸುಳ್ಳನಾಗಿದ್ದರೆ ಬೈದು ಹೋಗಬಹುದಿತ್ತು.

"ಜೋಡ್ಸಿ," ಎಂದಳು. "ನಾನಿಲ್ಲೇ ಕೂತಿರ್ತೀನಿ."

ಅವನು ಜೋಡಿಸಿದ. ಕೈಗೆ ಅಭ್ಯಾಸವಾಗಿತ್ತು, ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಾವಿ ತಿರುಗಿಸಿದಾಗ ಆಲೆಮನೆಯ ಹೆಂಚುಗಳು ಅದುರಿದವು. ಎಂಟು ಸಿಲಿಂಡರಿನ ಸದ್ದು ಹೊಟ್ಟೆಯೊಳಗಿಂದ ಬಂದ ಹಾಗಿತ್ತು. ಇಷ್ಟು ವರ್ಷ ಕೇಳಬೇಕೆಂದು ಅವಳು ಕಾದಿದ್ದ ಸದ್ದು. ಬಹಳ ಚೆನ್ನಾಗಿತ್ತು.

ಅವಳು ಪಕ್ಕದಲ್ಲಿ ಕೂತಳು. "ನನ್ನ ಮನೆಗೆ ಬುಡಿ. ಮುಂದ್ಗಡೆ ಗೇಟಿಂದ. ನಿಮ್ಮಪ್ಪಾವ್ರು ಜಗಲಿ ಮೇಲೆ ಕೂತವ್ರೆ, ಕೇಳಿದ್ರೆ ಹೇಳಿ. ಭಾನುವಾರ ಹೊಸಹೊಳಲಿನೋರಿಗೆ ಮಾತು ಕೊಡ್ಬೇಕು. ಇವತ್ತೊಂದು ದಿನ ಕೊಡ್ತೀನಿ ನಿಮ್ಗೆ."

ಗಾಡಿ ಆಲೆಮನೆಯಿಂದ ಹೊರಬಂತು. ಬಲಕ್ಕೆ ಹೋದರೆ ಮನೆಯ ಅಂಗಳ, ಜಗಲಿ, ಗೇಟು. ಎಡಕ್ಕೆ ಗದ್ದೆಗಳ ಆಚೆ ನಾಲೆ ಏರಿ.

ಸ್ಟೇರಿಂಗು ಒಂದು ಗಳಿಗೆ ನೆಟ್ಟಗೆ ನಿಂತಿತ್ತು. ಆಮೇಲೆ ಎಡಕ್ಕೆ ತಿರುಗಿತು.

ನಾಲೆಯಲ್ಲಿ ನೀರು ತುಂಬಿತ್ತು. ಎರಡೂ ಕಡೆ ಕಬ್ಬು ಬಿಳಿ ಗರಿಯಂಥ ಸೂಲಂಗಿ ಬಿಟ್ಟಿತ್ತು. ಕಿಟಕಿಯಿಂದ ಬಂದ ಗಾಳಿಗೆ ಅವಳ ಸೆರಗು ಅವನ ಭುಜಕ್ಕೆ ತಾಗುತ್ತಿತ್ತು. ಬೇರೆ ದಿನವಾಗಿದ್ದರೆ ಇದಕ್ಕಿಂತ ಇನ್ನೇನೂ ಬೇಕಿರಲಿಲ್ಲ.

"ಇಲ್ಲಿಂದ್ಲೂ ಸ್ಟೇಷನ್ ರೋಡಿಗೆ ಹೋಗ್ಬೋದು," ಎಂದ ಅವನು, ಅವಳನ್ನು ನೋಡದೆ.

ಹೋಗಲು ಆಗಲಿಲ್ಲ. ನಾಲೆ ದಾಟುವ ಮೋರಿ ಎತ್ತಿನ ಗಾಡಿಯ ಅಗಲಕ್ಕೆ ಕಟ್ಟಿದ್ದು. ಬ್ರೇಕ್ ಒತ್ತಿದ. ಇಳಿದು ನೋಡಿದ. ಎರಡೂ ಕಡೆ ಒಂದೊಂದು ಗೇಣು ಕಡಿಮೆ. ತಿರುಗಿಸಲು ಏರಿಯ ಮೇಲೆ ಜಾಗವಿಲ್ಲ. ಮನೆಯ ತನಕ ಹಿಂದಕ್ಕೇ ಹೋಗಬೇಕು.

"ಜಯಾ, ಸ್ವಲ್ಪ ಹಿಂದೆ ನಿಂತು ನೋಡ್ಕೊಂಡ್ ಹೇಳೆ. ಒಂಚೂರು ತಪ್ಪಿದ್ರೂ ನಾಲೆಗೆ."

ಮೋರಿಯ ಆಚೆಗೆ ಅವಳ ಮನೆಯ ದಾರಿ. ನಡೆದುಕೊಂಡು ಹೋಗಬಹುದಿತ್ತು. ಗಾಡಿ ಬೀಳಲಿ ಎಂದು ಒಮ್ಮೆ ಅನ್ನಿಸಿತು ಕೂಡ. ಆದರೆ ಕೆಲಸ ಗೊತ್ತಿರುವವಳಿಗೆ ಕೆಲಸ ಕೆಡುವುದನ್ನು ನೋಡುತ್ತ ನಿಲ್ಲಲಾಗುವುದಿಲ್ಲ. ಅವಳು ಸೆರಗು ಸಿಕ್ಕಿಸಿ ಹಿಂದೆ ಹೋಗಿ ನಿಂತಳು.

"ಬರ್ಲಿ... ಬರ್ಲಿ... ಸ್ವಲ್ಪ ಈ ಕಡೆ... ಬರ್ಲಿ."

ಹಾಗೆ ಹಿಂದೆ ಹಿಂದೆ ನಡೆದು, ಕೈ ಬೀಸಿ ಬೀಸಿ, ಅವನನ್ನು ಅವನ ಮನೆಗೆ ವಾಪಸು ತಂದು ಬಿಟ್ಟಳು.

ಸದ್ದು ಕೇಳಿ ರಂಗಸ್ವಾಮಿಗೌಡರು ಜಗಲಿ ಇಳಿದು ಹಿತ್ತಲಿಗೆ ಬಂದಿದ್ದರು. ಪಂಚೆಯ ಅಂಚು ಕೈಯಲ್ಲಿ ಹಿಡಿದು, ಮೊದಲು ಗಾಡಿಯನ್ನು ನೋಡಿದರು, ಆಮೇಲೆ ಅವಳನ್ನು.

"ಎದ್ಬುಡ್ತೇನ್ಲಾ! ಭಲೆ! ಅದ್ಸರಿ, ಈ ಹೆಣ್ಣನ್ನ ಕೂರಿಸ್ಕಂಡು ಎಲ್ಲಿಗ್ಲಾ ಹೊಂಟಿದ್ದೆ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕೆ ಜಾಗವಿತ್ತು. ಜಯಶೀಲ ಚಲುವರಾಜುವನ್ನು ನೋಡಿದಳು. ಅವನು ಸ್ಟೇರಿಂಗು ನೋಡುತ್ತಿದ್ದ.

"ಎಲ್ಲೂ ಇಲ್ಲ ಅಪ್ಪ. ಸೀಟು ಹೊಲ್ದೋರು ಇವ್ರು. ಸರಿಯಾಗಿ ಕೂತದಾ ಅಂತ ನೋಡ್ಬೇಕು ಅಂದ್ರು."

"ಇವ್ರು" ಅಂದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಬಹುವಚನ ಸಿಕ್ಕಿತ್ತು.

"ಕೂತದಾ?" ಎಂದರು ಗೌಡರು.

"ಕೂತದೆ ಗೌಡ್ರೆ. ನನ್ನ ಕೆಲಸ ಮುಗೀತು."

ಅವಳು ಹಿತ್ತಲ ಬಾಗಿಲಿನ ಕಡೆ ಹೋಗಲಿಲ್ಲ. ಮನೆಯ ಪಕ್ಕದಿಂದ ಅಂಗಳಕ್ಕೆ ಬಂದು, ಜಗಲಿಯ ಮುಂದೆ, ರಾಗಿ ಆರಿಸುತ್ತ ಕೂತಿದ್ದ ಪುಟ್ಟಲಕ್ಷ್ಮಮ್ಮನ ಎದುರಿಗೇ ನಡೆದುಕೊಂಡು ದೊಡ್ಡ ಗೇಟು ತೆಗೆದು ರಸ್ತೆಗೆ ಇಳಿದಳು. ಯಾರೂ ತಡೆಯಲಿಲ್ಲ. ತಡೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಹಿತ್ತಲಲ್ಲಿ ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಆಫ್ ಮಾಡಬೇಕೆಂದು ಯಾರಾದರೂ ಹೇಳಲಿ ಎಂದು ಅವನು ಕಾಯುತ್ತಿದ್ದ.