ಹಾರುವ ಮುನ್ನ ಒಂದು ಮಾತು

"ಹತ್ತಬೇಡಿ! ಮೊದಲು ಬಟ್ಟೆ ಎಣಿಸ್ಕೊಳ್ಳಿ!"

ಸೇನೆಯ ಹೆಲಿಕಾಪ್ಟರಿಗೆ ಒರಗಿಸಿದ್ದ ಏಣಿಯ ಮೇಲಿಂದ ಅವಳು ತಟ್ಟನೆ ಕಾಲು ಹಿಂದೆ ತೆಗೆದಳು.

ಎದುರಿಗೆ ನೀಲಿ ಉಡುಪಿನ ಮೆಕ್ಯಾನಿಕ್. ಕೈಯಲ್ಲೊಂದು ಪುಸ್ತಕ, ಮುಖ ಗಂಟು. ಕಣ್ಣು ಮಾತ್ರ ಗದರುತ್ತಿರಲಿಲ್ಲ...

"ಗಾಜು ಒರೆಸೋಕೆ ಹನ್ನೆರಡು ಬಟ್ಟೆ ಕೊಡ್ತೀನಿ. ಹನ್ನೆರಡೂ ವಾಪಸ್ ಬರಬೇಕು. ಒಂದು ಚಿಂದಿ ಒಳಗೆ ಉಳಿದ್ರೂ ಇದು ಹಾರೋ ಹಾಗಿಲ್ಲ. ತಿಳೀತಾ?"

ಅವಳು ತಲೆಯಾಡಿಸಿದಳು.

"ಬಾಯಲ್ಲಿ ಹೇಳಿ."

"ಹೂಂ..."

"ಅಷ್ಟೇನಾ?"

"ಅಷ್ಟು ಹೇಳಿದ್ದೇ ನಿನ್ನ ಪುಣ್ಯ ಕಣಪ್ಪ!" ಪಕ್ಕದ ಹೆಲಿಕಾಪ್ಟರಿನ ಗಾಜು ಒರೆಸುತ್ತಿದ್ದ ಅವಳ ಚಿಕ್ಕಮ್ಮ ಕೂಗಿದರು. ಒರೆಸುವ ತಂಡಕ್ಕೆಲ್ಲ ಅವರೇ ಮೇಲ್ವಿಚಾರಕಿ. "ನಮ್ಮನೆ ಗೋಡೆಗೂ ಇವಳಿಗಿಂತ ಬಾಯಿ ಜಾಸ್ತಿ!"

ಅವನು ನಕ್ಕುಬಿಟ್ಟ. ಅವಳ ಕಿವಿ ಬಿಸಿಯಾಯಿತು.

ಆ ವೈಮಾನಿಕ ಪ್ರದರ್ಶನ ಐದು ದಿನಗಳದ್ದು. ಹತ್ತಾರು ದೇಶಗಳ ಅತಿಥಿಗಳು ಬರುವ ಮೊದಲೇ ಮೂರು ಹೆಲಿಕಾಪ್ಟರುಗಳ ಗಾಜೂ ಫಳಫಳ ಹೊಳೆಯಬೇಕು. ದಿನವೂ ಹನ್ನೊಂದಕ್ಕೆ ಅವಳು ಒರೆಸಿದ ಹೆಲಿಕಾಪ್ಟರು ಹಾರಬೇಕು.

ಅವಳು ಮಾತಾಡುತ್ತಿರಲಿಲ್ಲ, ನಿಜ. ಆದರೆ ಎಲ್ಲವನ್ನೂ ನೋಡುತ್ತಿದ್ದಳು. ಹಾರಬಹುದೆಂದು ಪುಸ್ತಕದಲ್ಲಿ ಸಹಿ ಹಾಕುವ ಮುನ್ನ ಅವನು ಒಂದೊಂದು ಬಾಗಿಲನ್ನೂ ಎಳೆದು ನೋಡುತ್ತಿದ್ದ. ಎರಡನೆಯ ದಿನದಿಂದ ಕಬ್ಬಿಣದ ಏಣಿ ಬಿಸಿಲಲ್ಲಿ ಇರುತ್ತಿರಲಿಲ್ಲ, ನೆರಳಿಗೆ ಸರಿದಿರುತ್ತಿತ್ತು.

'ಪಾದ ಸುಡುತ್ತೆ ಅಂತ ನಾನು ಯಾರಿಗೂ ಹೇಳಿಲ್ಲವಲ್ಲ... ಇವರಿಗೆ ಹೇಗೆ ಗೊತ್ತಾಯ್ತು?'

ನಾಲ್ಕನೆಯ ದಿನ ಹನ್ನೆರಡು ಬಟ್ಟೆ ವಾಪಸ್ ಕೊಟ್ಟಳು. ಅವನು ಒದ್ದೆ ಮುದ್ದೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ ಎಣಿಸಿದ. ಸಹಿ ಹಾಕಿದ.

"ನಾಳೆ ಕೊನೇ ದಿನ," ಎಂದ ಮೆಲ್ಲಗೆ.

"ಹೂಂ..."

ನಲ್ಲಿಯ ಕೆಳಗೆ ಕೈ ಒಡ್ಡಿದಾಗ ಅವಳಿಗೆ ನೆನಪಾಯಿತು. ಪರ್‌ರ್ ಎಂಬ ಸದ್ದು!

ದೊಡ್ಡ ಕಟ್ಟಡಗಳ ಕಿಟಕಿ ಒರೆಸಿ ಒರೆಸಿ ಬಂದ ಅಭ್ಯಾಸ. ಬಟ್ಟೆಯನ್ನು ಎರಡಾಗಿ ಹರಿಯುವುದು, ಒಂದು ತುಂಡು ಒದ್ದೆಗೆ, ಇನ್ನೊಂದು ಒಣ ಮಾಡಲಿಕ್ಕೆ. ಇವತ್ತು ಗೊತ್ತಿಲ್ಲದೆ ಒಂದನ್ನು ಹರಿದಿದ್ದಳು. ಹಾಗಾದರೆ ವಾಪಸ್ ಬರಬೇಕಿದ್ದದ್ದು ಹದಿಮೂರು!

ಅರ್ಧ ಬಟ್ಟೆ ಒಳಗೇ ಇದೆ...

ಪೈಲಟ್‌ಗಳಿಬ್ಬರೂ ಹೆಲ್ಮೆಟ್ ಹಿಡಿದು ನಡೆದು ಬರುತ್ತಿದ್ದರು. ಹಗ್ಗದಾಚೆ ಸಾವಿರಾರು ಜನ. ಈಗ ಕೂಗಿದರೆ ಎಲ್ಲರ ಕಣ್ಣೂ ತನ್ನ ಮೇಲೆ. ಅವನ ಸಹಿ ಸುಳ್ಳಾಗುತ್ತದೆ, ಕೆಲಸವೇ ಹೋಗಬಹುದು. ಕೂಗದಿದ್ದರೆ?

ಅವಳು ಓಡಿದಳು.

"ನಿಲ್ಲಿಸೀ... ಹಾರಿಸಬೇಡೀ!"

ತನ್ನ ಗಂಟಲಲ್ಲಿ ಇಷ್ಟು ದೊಡ್ಡ ದನಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಅವನ ಮುಂದೆ ಏದುಸಿರು ಬಿಡುತ್ತಾ ನಿಂತಳು.

"ಒಂದು ಬಟ್ಟೆ ಹರಿದಿದ್ದೆ... ಅರ್ಧ ಒಳಗಿದೆ. ತಪ್ಪು ನಂದು."

ಅವನ ಮುಖ ಬಿಳುಚಿತು. ಆದರೂ ಒಂದು ಕ್ಷಣ ತಡಮಾಡದೆ ಕೈಯೆತ್ತಿ ಪೈಲಟ್‌ಗಳನ್ನು ತಡೆದ. ಒಳಗೆ ಬಗ್ಗಿ ಹುಡುಕಿದ. ಬಟ್ಟೆ ಸಿಕ್ಕಿದ್ದು ಪೈಲಟ್ ಕಾಲಿಡುವ ಪೆಡಲಿನ ಹಿಂದೆ!

"ಸಹಿ ಯಾರದು?" ಅಧಿಕಾರಿ ಕೇಳಿದರು.

"ನಂದೇ ಸಾರ್."

ಅವನು ಅಧಿಕಾರಿಯ ಹಿಂದೆ ನಡೆದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಸಂಜೆ ಬಸ್ಸಿನಲ್ಲಿ ಅವಳು ಕೇಳಿದಳು, "ಹೇಳಬಾರದಿತ್ತಾ ಚಿಕ್ಕಮ್ಮ?"

"ಹೇಳದೆ ಇದ್ದಿದ್ರೆ ನಾನೇ ನಿನ್ನ ಮುಖ ನೋಡ್ತಿರಲಿಲ್ಲ," ಎಂದು ಚಿಕ್ಕಮ್ಮ ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡರು.

ಮರುದಿನ ಪುಸ್ತಕ ಹಿಡಿದು ನಿಂತವನು ಬೇರೆ ಮೆಕ್ಯಾನಿಕ್. 'ಕೆಲಸ ಹೋಯ್ತು... ನನ್ನಿಂದಲೇ ಹೋಯ್ತು.'

ಮಧ್ಯಾಹ್ನ ಜನ ಕರಗಿದರು. ಅವಳು ಬೇಲಿಯ ಹಗ್ಗ ಸುತ್ತುತ್ತಿದ್ದಾಗ ಇನ್ನೊಂದು ತುದಿಯನ್ನು ಯಾರೋ ಎತ್ತಿ ಹಿಡಿದರು.

ಅವನೇ!

"ಕೆಲಸ...?" ಅವಳು ಕೇಳಿದಳು.

"ಇದೆ. ಬೈದ್ರು. ಎರಡು ದಿನ ಸಹಿ ಹಾಕೋ ಹಾಗಿಲ್ಲ ಅಂದ್ರು. ಅಷ್ಟೇ."

"ನನ್ನ ಮೇಲೆ ಕೋಪಾನಾ? ತಿರುಗೂ ನೋಡ್ಲಿಲ್ಲ..."

"ಕೋಪಾನಾ? ನಾಚಿಕೆ ಕಣ್ರೀ!" ಅವನು ತಲೆ ತಗ್ಗಿಸಿದ. "ಕೈಗೆ ಬಂದಿದ್ದು ಅರ್ಧ ಬಟ್ಟೆ ಅಂತ ಯಾವ ಮೆಕ್ಯಾನಿಕ್‌ಗೂ ಗೊತ್ತಾಗಬೇಕು. ನನಗೆ ಗೊತ್ತಾಗಲಿಲ್ಲ. ಎಣಿಸುವಾಗ ಬಟ್ಟೆ ನೋಡ್ತಿರಲಿಲ್ಲ ನಾನು..."

"ಮತ್ತೆ?"

"ನಿಮ್ಮನ್ನ."

ಅವಳ ಕೈಯ ಹಗ್ಗ ಅಲ್ಲೇ ನಿಂತಿತು.

"ನೀವು ಕೂಗದಿದ್ರೆ ಆ ಇಬ್ಬರು ಪೈಲಟ್‌ಗಳ ಮನೆಯವರಿಗೆ ನಾನು ಏನು ಹೇಳ್ತಿದ್ದೆ? ನನ್ನ ಸಹಿ ಸುಳ್ಳಾಗುತ್ತೆ ಅಂತ ಗೊತ್ತಿದ್ದೂ ಕೂಗಿದ್ರಲ್ಲ... ಅಂಥವರು ಜೊತೆಗಿದ್ರೆ ಸಾಕು ಅನ್ನಿಸಿತು. ಮನೆಗೆ ಬಂದು ಹೆಣ್ಣು ಕೇಳಲಾ?"

"ಮನೆಗೆ ಬಂದ್ರೆ ಮೊದಲು ನನ್ನನ್ನ ಕೇಳಬೇಕಪ್ಪ!" ಬೆನ್ನ ಹಿಂದಿನಿಂದ ಚಿಕ್ಕಮ್ಮನ ದನಿ. "ನೋಡ್ತೀನಿ, ಯೋಚನೆ ಮಾಡ್ತೀನಿ!"

ಇಬ್ಬರೂ ನಕ್ಕರು.

"ಭಾನುವಾರ ಬನ್ನಿ," ಎಂದಳು ಅವಳು. "ಚಿಕ್ಕಮ್ಮ ಮನೇಲೇ ಇರ್ತಾರೆ."

"ನೀವು?"

ಅವಳು ಈ ಸಲ ತಲೆಯೆತ್ತಿ ಅವನನ್ನೇ ನೋಡಿದಳು.

"ಬಾಗಿಲು ತೆಗೆಯೋದು ನಾನೇ."