ದಾರಿ ಬಿಟ್ಟ ತೋಳು

ಮಂಗಳವಾರ ಬೆಳಿಗ್ಗೆ ಡೆನ್ಮಾರ್ಕಿನ ಒಡೆನ್ಸೆಯ ನಮ್ಮ ಕಾರ್ಯಾಗಾರದಲ್ಲಿ ಮೊದಲು ಆರು ಕೀಲುಗಳ ರೋಬಾಟ್ ತೋಳನ್ನೂ ಅನಂತರ ಏಳು ಕೀಲುಗಳದ್ದನ್ನೂ ಪರೀಕ್ಷಿಸಿದೆವು. ಎರಡರಲ್ಲಿ ಆಯ್ಕೆಯಾದದ್ದು, ಸುತ್ತ ರಕ್ಷಣಾ ಬೇಲಿಯಿಲ್ಲದೆ, ಲೋಹಕ್ಕೆ ಹೊಳಪು ಕೊಡುವ ಮಾರೆನ್‌ಳ ಭುಜದ ಪಕ್ಕದಲ್ಲೇ ದುಡಿಯಬೇಕಿತ್ತು. ಅದರಿಂದ ಅವಳಿಗೆ ಅಪಾಯವಿಲ್ಲವೆಂದು ನಾನು ಸಹಿ ಹಾಕಬೇಕಿತ್ತು. ಏಳನೆಯ ಕೀಲಿನ ಗುಣವೆಂದರೆ, ಯಾರಾದರೂ ತಾಗಿದಾಗ ತೋಳಿನ ತುದಿ ಕೆಲಸದ ಮೇಲೆ ನಿಶ್ಚಲವಾಗಿದ್ದು, ಮೊಣಕೈ ಮಾತ್ರ ಎದ್ದು ದಾರಿ ಬಿಡುವುದು.

ಏಳು ಕೀಲಿನ ತೋಳಿಗೆ ಮಾರೆನ್ ತಾಗಿದಳು, ಮೊಣಕೈ ಎದ್ದಿತು.

"ನಮ್ಮ ಮೇಸ್ತ್ರಿಗೂ ಇಷ್ಟು ಮರ್ಯಾದೆ ಇಲ್ಲ ಬಿಡು!" ಎಂದು ನಕ್ಕು, ಬೆಣ್ಣೆ ಹಚ್ಚಿದ ಬನ್ನು ಕಚ್ಚುತ್ತ ದೂರ ಹೋಗಿ ನಿಂತಳು.

ಹತ್ತಿರ ಯಾರೂ ಇಲ್ಲದಿದ್ದರೂ ಮೊಣಕೈ ಮತ್ತೆ ಎದ್ದಿತು. ಒದ್ದೆ ಉಣ್ಣೆಯ ವಾಸನೆ ಬಂತು. ರಬ್ಬರ್ ಬೂಟು ನೆಲಕ್ಕುಜ್ಜುವ ಸದ್ದು ತೋಳಿನ ಕೆಳಗಿನಿಂದ ಹೊರಟು ಅವಳತ್ತ ಸಾಗಿತು.

"ಮಾರೆನ್, ಈ ಕಡೆ ಬಾ!"

"ಆಗ್ತಿಲ್ಲ ಕಣೋ. ಯಾರೋ ನನ್ನ ಹಿಡ್ಕೊಂಡಿದಾರೆ."

ಅವಳ ಹಿಂದೆ ಕಿಟಕಿಯ ಬೆಳಕಷ್ಟೇ ಇತ್ತು. ತೋಳನ್ನು ನಿಲ್ಲಿಸುವ ತುರ್ತು ಗುಂಡಿಯನ್ನು ಗುದ್ದಿದೆ. ಹಿಡಿದಿದ್ದವರು ತಟ್ಟನೆ ಬಿಟ್ಟುಬಿಟ್ಟಂತೆ ಅವಳು ಮುಗ್ಗರಿಸಿದಳು.

ನಾನು ಸಹಿ ಹಾಕಲಿಲ್ಲ. ಕೀಲುಗಳೊಳಗಿನ ಬಲಮಾಪಕಗಳು ದಾಖಲಿಸಿದ್ದನ್ನು ಅಂದೇ ಪರಿಶೀಲಿಸಿದೆ. ಎರಡನೆಯ ಸಲ ಮೊಣಕೈ ತಾನಾಗಿ ಎದ್ದಿರಲಿಲ್ಲ. ಅದನ್ನು ಹೊರಗಿನಿಂದ ಎತ್ತಲಾಗಿತ್ತು.