ಎಡಕ್ಕೆ ಬಿದ್ದ ಹೂವು

"ಅಕ್ಕ-ತಂಗೇರ ಜೋಡಿ ಹುಟ್ಟಿಲ್ಲೇನ ನೀ? ಹೆಣ್ಮಕ್ಕಳು ಅರಿವಿ ಒಗ್ಯೋ ಕಡೆ ದುರ್ಬೀನ ಹಚ್ಚಿಕೊಂಡ ಬಿದ್ದೀಯಲ್ಲ!"

ಅನ್ನುತ್ತಲೇ ಶಿವಗಂಗವ್ವ ತಂಬಿಗೆಯ ನೀರನ್ನೆಲ್ಲ ಅವನ ನೆತ್ತಿಯ ಮೇಲೆ ಸುರಿದುಬಿಟ್ಟಳು!

ಜಾಲಿಯ ಮರೆಯಲ್ಲಿ ಬೋರಲಾಗಿ ಮಲಗಿದ್ದ ತರುಣ ಗಡಬಡಿಸಿ ಎದ್ದ. ಮೈತುಂಬ ಉಸುಕು. ಮುಖದಿಂದ ನೀರು ಇಳಿಯುತ್ತಿದ್ದರೂ ಅವನು ಮೊದಲು ಒರೆಸಿದ್ದು ದುರ್ಬೀನನ್ನು.

"ಹಕ್ಕಿ ನೋಡಾಕತ್ತಿದ್ನಿರಿ..."

"ಹಕ್ಕಿ? ಎಂಥಾ ಹಕ್ಕಿ? ಸೀರಿ ಉಟ್ಟ ಹಕ್ಕಿ?"

ಅವನು ದುರ್ಬೀನನ್ನು ಕೊರಳಿನಿಂದ ತೆಗೆದು ಅವಳ ಕೈಗಿತ್ತ. "ನಾ ನೋಡಿದಲ್ಲೇ ನೀವೂ ನೋಡ್ರಿ. ಹೆಣ್ಮಕ್ಕಳು ಕಂಡ್ರ ಇದನ್ನ ಹೊಳಿಗೆ ಒಗದಬಿಡ್ರಿ."

ಒಗೆಯಬೇಕೆಂದೇ ಅವಳು ಅದನ್ನು ಕಣ್ಣಿಗೆ ಹಚ್ಚಿದಳು. ಮೊದಲು ಬರೀ ಮಬ್ಬು. ಆಮೇಲೆ ಆಪಿನ ಹುಲ್ಲು... ಒಂದು ಬಂಡೆ... ಬಂಡೆಯ ಮೇಲೆ ಗುಬ್ಬಿಯಷ್ಟು ಒಂದು ಹಕ್ಕಿ. ಬೆನ್ನು ಮಸಿಯಂತೆ ಕಪ್ಪು, ಹೊಟ್ಟೆ ಮತ್ತು ಬಾಲ ಸುಟ್ಟ ಇಟ್ಟಂಗಿಯ ಕೆಂಪು. ಆ ಬಾಲವೋ...

"ಯವ್ವಾ! ಗಡಗಡ ನಡಗಾಕತ್ತೈತಲ್ಲ! ಚಳಿಜ್ವರ ಬಂದೈತೇನ ಇದಕ?"

"ಜ್ವರ ಅಲ್ರಿ, ಅದರ ರೂಢಿನ ಹಂಗ. ದೀಪಾವಳಿ ಆದಮ್ಯಾಲ ಬರತೈತಿ. ಉಗಾದಿ ಬಂತಂದ್ರ ಹೊಳ್ಳಿ ಹೊಂಟಬಿಡತೈತಿ. ಹಿಮದ ಸೀಮಿಗೆ."

"ಇಷ್ಟ ಸಣ್ಣದು? ಅಲ್ಲೀತನಾ? ದಾರಿ ಯಾರ ಹೇಳ್ತಾರ ಅದಕ?"

"ಅದು ಯಾರಿಗೂ ಗೊತ್ತಿಲ್ರಿ."

"ನಮ್ಮ ಅಜ್ಜ ಹೇಳ್ತಾನ," ಎಂದು ಅವಳು ಗದ್ದಿಗೆಯ ಕಡೆ ಕೈ ಮಾಡಿದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಆ ಅಜ್ಜನಿಗೆಂದು ತಂದ ನೀರು ಈ ಅಪರಿಚಿತನ ತಲೆಯ ಮೇಲೆ!

ಗೋಕಾಕ ಊರಿಗೆ ಅಂಟಿಕೊಂಡೇ ಹರಿಯುವ ಘಟಪ್ರಭೆಯ ನಡುವಿನ ನಡುಗಡ್ಡೆ ಅದು. ಈಚೆ ದಂಡೆಯಲ್ಲಿ ಅರಿವೆ ಒಗೆಯುವ ಕಲ್ಲುಗಳು, ಅದರ ಹಿಂದೆಯೇ ಪೇಟೆಯ ಗದ್ದಲ. ನಡುಗಡ್ಡೆಯಲ್ಲಿ ಮಾತ್ರ ಆಪು, ಜಾಲಿ, ಎರಡು ಬೇವಿನ ಮರ, ಮತ್ತು ಯಾವ ಕಾಲದಲ್ಲೋ ಬಯಲಾದ ಶರಣರೊಬ್ಬರ ಗದ್ದಿಗೆ. ಊರಿನವರ ಬಾಯಲ್ಲಿ ಬರೀ 'ಅಜ್ಜ'. ಕರದಂಟಿನ ಅಂಗಡಿಯ ಸೋಮಪ್ಪನ ಮನೆತನದವರೇ ಗದ್ದಿಗೆಗೆ ನೀರು ಹಾಕುವವರು. ಸೋಮಪ್ಪನ ಒಬ್ಬಳೇ ಮಗಳು ಶಿವಗಂಗವ್ವ. ತಾಯಿ ಇಲ್ಲದ ಮನೆಯಲ್ಲಿ, ನಸುಕಿನಲ್ಲಿ ಅಪ್ಪ ರಾಗ ಮಾಡಿ ಹೇಳುವ ಪುರಾಣದ ಪದ್ಯ ಕೇಳುತ್ತ ಬೆಳೆದವಳು.

ಅವನು ಯಮಕನಮರಡಿಯ ಶಿದ್ರಾಮ. ನೀರಾವರಿ ಖಾತೆಯ ಓವರ್‌ಸಿಯರ್. ರಾಜ್ಯ ಒಂದಾಗಿ ಅದು ಎರಡನೆಯ ವಸಂತ. ಹೊಳೆಯ ಅಳತೆಯ ಕೆಲಸಕ್ಕೆ ಗೋಕಾಕಿಗೆ ಬಂದಿದ್ದ. ದುರ್ಬೀನು ಮಿಲಿಟರಿಯಲ್ಲಿದ್ದ ಸೋದರಮಾವ ಕೊಟ್ಟದ್ದು.

ಆ ದಿನದಿಂದ ಅವಳ ಮನಸ್ಸು ಮನಸ್ಸಾಗಿ ಉಳಿಯಲಿಲ್ಲ...

ಬೆಳಗಿನ ಬಿಸಿಲಿನಲ್ಲಿ ಅವನು ತೋರಿಸುವನು, ಅವಳು ನೋಡುವಳು. ಆಪಿನಲ್ಲಿ ನುಸುಳುವ ನೀಲಿ ಕೊರಳಿನದು, ಬೇವಿನ ತುದಿಯಲ್ಲಿ ಗುಂಪಾಗಿ ಕೂತು ಹೊರಡುವ ಮುಂಚೆ ಒಂದೇ ಸಮ ಹಾಡುವ ಹಳದಿ ಹಕ್ಕಿಗಳು. ಇಬ್ಬರ ನಡುವೆ ಯಾವಾಗಲೂ ಒಂದು ಮರದಷ್ಟು ದೂರ. ಆದರೂ ಊರಿಗೆ ಕಣ್ಣಿಲ್ಲವೇ?

"ಏನವಾ ಗಂಗವ್ವ," ಹರಗೋಲಿನ ಯಲ್ಲಪ್ಪ ಒಂದು ದಿನ ಹುಟ್ಟು ಹಾಕುತ್ತ ಕೇಳಿಯೇಬಿಟ್ಟ. "ಈ ಬ್ಯಾಸಗ್ಯಾಗ ಅಜ್ಜಗ ಭಾಳ ನೀರಡಿಕಿ ಆಗೈತೇನ? ಮುಂಜಾನಿ ಒಮ್ಮಿ, ಸಂಜೀಕೊಮ್ಮಿ ಬರಾಕತ್ತೀಯಲ್ಲ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎದೆಯೊಳಗೆ ಮಾತ್ರ ಭಯ. 'ಈ ಮಾತು ಅಪ್ಪನ ಕಿವಿಗೆ ಬಿದ್ದರೆ?'

ಬಿದ್ದೇಬಿತ್ತು. ಅದಕ್ಕಿಂತ ಮೊದಲು ಶಿದ್ರಾಮ ಮಾಡಬೇಕಾದದ್ದು ಮಾಡಿದ. ಅವನ ತಾಯಿ ಯಮಕನಮರಡಿಯಿಂದ ಬಂದು, ಸೋಮಪ್ಪನ ಪಡಸಾಲೆಯಲ್ಲಿ ಕೂತು, ಸೆರಗು ಹೊದ್ದು, ಮರ್ಯಾದೆಯಿಂದ ಹೆಣ್ಣು ಕೇಳಿದಳು.

ಸೋಮಪ್ಪನಿಗೆ ಹುಡುಗ ಹಿಡಿಸಿದ್ದ. ಆದರೆ ಸೋಮಪ್ಪನ ಅಕ್ಕ ಚನ್ನವ್ವ ಮುಖ ಗಂಟಿಕ್ಕಿದಳು. "ಮೂಡಲಗ್ಯಾಗ ನನ್ನ ಮೈದುನನ ಮಗ ಇರೂಮುಂದ ಈ ಹಕ್ಕಿ ಹಿಂದ ಹೊಂಟಾಂವ ಯಾಕ? ಬೇಕಾದ್ರ ಅಜ್ಜನ್ನ ಕೇಳು. ಅಂವಾ ಹೂ ಕೊಟ್ರ ನಾ ಬಾಯಿ ಮುಚ್ಚತೇನಿ."

ಆ ಮನೆತನದಲ್ಲಿ ಲಗ್ನದ ಮಾತು ಹಾಗೆಯೇ. ಗದ್ದಿಗೆಯನ್ನು ನೀರಿನಿಂದ ತೋಯಿಸಿ, ಎಡಕ್ಕೊಂದು ಬಲಕ್ಕೊಂದು ಕಣಗಿಲ ಹೂ ಅಂಟಿಸಿ, ಕಣ್ಣು ಮುಚ್ಚಿ ಕೂಡುವುದು. ಬಲದ ಹೂ ಮೊದಲು ಬಿದ್ದರೆ ಅಪ್ಪಣೆ. ಎಡದ್ದು ಬಿದ್ದರೆ... ಇಲ್ಲ. ಒಮ್ಮೆ ಕೇಳಿದ್ದನ್ನು ಮತ್ತೊಮ್ಮೆ ಕೇಳುವ ಹಾಗಿಲ್ಲ.

ಸೋಮವಾರ ಮುಂಜಾನೆ ಎಲ್ಲರೂ ಗದ್ದಿಗೆಯ ಮುಂದೆ ಕೂತರು. ಮಠದ ಅಯ್ಯನವರು ಕಣ್ಣು ಮುಚ್ಚಿಯೇ ಮಂತ್ರ ಹೇಳುತ್ತಿದ್ದರು. ಅಪ್ಪ ಕಣ್ಣು ಮುಚ್ಚಿದ್ದ, ಅತ್ತೆ ಕಣ್ಣು ಮುಚ್ಚಿದ್ದಳು. ಗಂಡಿನ ಕಡೆಯವರು ಬರಬಾರದೆಂಬ ಪದ್ಧತಿ. ಆದರೂ ಆಚೆ ದಂಡೆಯ ಹೊಂಗೆಯ ಕೆಳಗೆ ಗಾಜೊಂದು ಮಿಂಚಿದ್ದನ್ನು ಶಿವಗಂಗವ್ವ ಕಂಡಳು. ಅವನೇ!

ಅವಳಿಗೆ ಕಣ್ಣು ಮುಚ್ಚಲಾಗಲಿಲ್ಲ. 'ಅಜ್ಜಾ... ಬಲಕ್ಕ ಕೊಡೋ... ಬಲಕ್ಕ...'

ಆಗ ಎಲ್ಲಿಂದಲೋ ಬಂದು ಗದ್ದಿಗೆಯ ಎಡ ಅಂಚಿನಲ್ಲಿ ಕೂತಿತು ಆ ಇಟ್ಟಂಗಿ ಬಣ್ಣದ ಹಕ್ಕಿ! ಬಾಲ ಗಡಗಡ. ಅಷ್ಟು ಭಯದಲ್ಲೂ ಅವಳ ತುಟಿಯ ಮೇಲೆ ತಾನಾಗಿಯೇ ನಗು ಬಂತು. ಹಕ್ಕಿ ಕತ್ತು ಓರೆ ಮಾಡಿ, ಹೂವಿನ ಮೇಲೆ ಹರಿಯುತ್ತಿದ್ದ ಇರುವೆಯನ್ನು ಟಕ್ಕನೆ ಕುಕ್ಕಿ ಹಾರಿಹೋಯಿತು.

ಹೂವು ಜಾರಿ ಬಿತ್ತು.

ಅಯ್ಯನವರು ಕಣ್ಣು ತೆರೆದರು. "ಎಡಕ್ಕ," ಎಂದರು.

ಅತ್ತೆ ಗಲ್ಲ ಗಲ್ಲ ಬಡಿದುಕೊಂಡು ನಮಸ್ಕರಿಸಿದಳು. ಅಪ್ಪನ ಮುಖ ಬಾಡಿಹೋಯಿತು. ಶಿವಗಂಗವ್ವನ ಬಾಯಿಗೆ ಬಂದ ಮಾತು ಗಂಟಲಲ್ಲೇ ನಿಂತಿತು. 'ಹಕ್ಕಿ ಕೆಡವಿದ್ದು ಅಂದರೆ ಯಾರು ನಂಬುತ್ತಾರೆ? ಬೇಕಾದ ಗಂಡಿಗಾಗಿ ಅಜ್ಜನ ಮಾತನ್ನೇ ಸುಳ್ಳು ಮಾಡ್ತಾಳೆ ಅನ್ನೋದಿಲ್ಲವೇ? ಹಕ್ಕಿಯನ್ನು ಕಳಿಸಿದವನೂ ಅಜ್ಜನೇ ಆಗಿದ್ದರೆ?'

ಆದರೆ ಒಂದು ಆಸರೆ ಇತ್ತು. ಅವನು ನೋಡಿದ್ದಾನಲ್ಲ! ಅವನು ಬಂದು ಹೇಳುತ್ತಾನೆ... ಇವತ್ತು ಬರುತ್ತಾನೆ... ನಾಳೆ...

ಅವನು ಬರಲಿಲ್ಲ.

ಬಂದದ್ದು ಅವನ ತಾಯಿಯ ಮಾತು, ಯಾರದೋ ಬಾಯಲ್ಲಿ. 'ಅಜ್ಜನ ಅಪ್ಪಣಿ ಇಲ್ಲಂದ್ರ ನಮ್ಮದೇನೂ ಇಲ್ಲ.'

'ಅಂದರೆ ಅವನಿಗೂ ಸಾಕಾಗಿತ್ತೇ?' ಒಲೆಯ ಮುಂದೆ ಅವಳ ಕಣ್ಣು ಹೊಗೆಯಿಲ್ಲದೆಯೂ ಉರಿಯುತ್ತಿತ್ತು. ಮೂಡಲಗಿಯವರು ಉಗಾದಿಯ ಮರುದಿನ ಬಂದು ವೀಳ್ಯ ಕೊಡುವುದೆಂದು ಅತ್ತೆ ಗೊತ್ತುಮಾಡಿದಳು. ಬೇವಿನ ತುದಿಯ ಹಳದಿ ಹಕ್ಕಿಗಳು ಒಂದೊಂದೇ ಗುಂಪು ಕಡಿಮೆಯಾಗುತ್ತಿದ್ದವು.

ಉಗಾದಿಯ ಹಿಂದಿನ ದಿನ ಬೆಳಗ್ಗೆ ನೀರು ಹಾಕಲು ಹೋದಾಗ ಅವನು ಅಲ್ಲಿದ್ದ. ಕೈಯಲ್ಲಿ ಟ್ರಂಕು. ಮುಖ ಸೊರಗಿ, ಗಡ್ಡ ಬಂದಿತ್ತು.

"ಹಿಡಕಲ್ಲಿಗೆ ಬದಲಿ ಆಗೈತ್ರಿ," ಎಂದ, ಅವಳ ಕಡೆ ನೋಡದೆ. "ಮಧ್ಯಾಹ್ನ ಲಾರಿ ಹೊಂಡತೈತಿ."

"ಹೋಗ್ರಿ. ಹೋಗೂದ ಗೊತ್ತಿದ್ದವರು ನೀವು. ಹೇಳೂದ ಗೊತ್ತಿಲ್ಲ!"

"ಏನ ಹೇಳಬೇಕಿತ್ತು?"

"ಕಂಡದ್ದು! ದುರ್ಬೀನ ಹಿಡಕೊಂಡ ನೋಡಿದ್ರಲ್ಲ ಅವತ್ತ! ಒಂದ ಮಾತ... ನಮ್ಮಪ್ಪಗ ಒಂದ ಮಾತ ಹೇಳಾಕ ನಾಲಗಿ ಬರಲಿಲ್ಲ ನಿಮಗ!"

ಶಿದ್ರಾಮನ ಮುಖ ಕಪ್ಪಿಟ್ಟಿತು. "ಕಂಡದ್ದ ಹೇಳಬೇಕಿತ್ತಾ? ಹೂ ಎಡಕ್ಕ ಬೀಳೂಮುಂದ ನೀವು ನಕ್ಕದ್ದ ಕಂಡೆ ನಾ. ಅದನ್ನ ಹೋಗಿ ನಿಮ್ಮಪ್ಪಗ ಹೇಳಲೇನ?"

"ನಾನು... ನಕ್ಕದ್ದು?"

"ಅಜ್ಜ ಬ್ಯಾಡ ಅಂದ. ನಿಮಗ ಹಗುರಾತು. ನಕ್ಕರಿ. ಇನ್ನ ನಾ ಯಾವ ಮಾರಿ ಹೊತ್ತ ಬರಲಿ?"

ಅವಳು ಅಳುತ್ತಲೇ ಕೂಗಿದಳು. "ಹಕ್ಕಿ ನೋಡಿ ನಕ್ಕೆ! ನೀವ ತೋರಿಸಿದ ಹಕ್ಕಿ! ಅದಽ ಬಂದು ಇರುವಿ ಕುಕ್ಕಿ ಹೂ ಕೆಡವಿತು! ನೀವು ಕಾಣಲಿಲ್ಲಾ?"

"ಎಲ್ಲಿ ಹಕ್ಕಿ?"

"ಗದ್ದಿಗಿ ಮ್ಯಾಲ!"

ಅವನು ಮೆಲ್ಲಗೆ ಉಸುಕಿನ ಮೇಲೆ ಕುಸಿದು ಕೂತ. "ನಾ ಗದ್ದಿಗಿ ನೋಡಲೇ ಇಲ್ಲ... ಹೂ ಎಡಕ್ಕ ಬಿದ್ದದ್ದ ಸೈತ ಆಮ್ಯಾಲ ಮಂದಿ ಹೇಳಿ ಗೊತ್ತಾತು. ದುರ್ಬೀನದ ತುಂಬ ನಿಮ್ಮ ಮಾರಿ ಅಷ್ಟ ಇತ್ತು. ಅದರಾಚೆ ಏನೂ ಕಾಣಲಿಲ್ಲ."

ವರ್ಷಗಟ್ಟಲೆ ಹಕ್ಕಿ ನೋಡಿದವನು, ನೋಡಲೇಬೇಕಾದ ಒಂದು ಹಕ್ಕಿಯನ್ನು ನೋಡಿರಲಿಲ್ಲ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ. ಆದರೆ ಭಯ ಹೋಗಲಿಲ್ಲ. ಇದ್ದೊಬ್ಬ ಸಾಕ್ಷಿಯೂ ಕೈಬಿಟ್ಟಂತಾಗಿತ್ತು.

ಅವನು ಎದ್ದು ನಿಂತ. "ನಡೀರಿ. ನಾನೂ ಕಂಡೆ ಅಂತ ಹೇಳತೇನಿ. ಗಂಡಸರ ಮಾತು, ನಂಬತಾರ."

ಒಂದು ಕ್ಷಣ... ಒಂದೇ ಕ್ಷಣ ಅವಳ ಮನಸ್ಸು ಹೌದೆಂದಿತು. ಆಮೇಲೆ ಗದ್ದಿಗೆಯ ಕಡೆ ಕಣ್ಣು ಹೋಯಿತು.

"ಬ್ಯಾಡ್ರಿ. ಅಜ್ಜನ ಹೆಸರ ಮ್ಯಾಲ ಸುಳ್ಳ ಹೇಳಿ ಮಾಡಿದ ಸಂಸಾರ ನನಗ ಬ್ಯಾಡ. ಕಂಡಾಕಿ ನಾನು. ನಾನಽ ಹೇಳತೇನಿ."

"ನಂಬಲಿಲ್ಲಂದ್ರ?"

ಅವಳು ಖಾಲಿ ತಂಬಿಗೆ ಹಿಡಿದು ಹರಗೋಲು ಹತ್ತಿದಳು.

ಮನೆಯ ಹಿತ್ತಿಲಿನಲ್ಲಿ ಸೋಮಪ್ಪ ದೊಡ್ಡ ಕಡಾಯಿಯ ಮುಂದೆ ಕೂತು ಬೆಲ್ಲದ ಪಾಕ ಕೈಯಾಡಿಸುತ್ತಿದ್ದ. ಪಾಕ ಹದಕ್ಕೆ ಬರುವಾಗ ಅವನು ಯಾರ ಜೊತೆಗೂ ಮಾತಾಡುವವನಲ್ಲ.

"ಅಪ್ಪಾ... ಅವತ್ತ ಹೂ ತಾನಽ ಬೀಳಲಿಲ್ಲ. ಹಕ್ಕಿ ಕೆಡವಿತು. ನಾ ಕಣ್ಣಾರೆ ಕಂಡೆ."

ಸೌಟು ನಿಂತಿತು.

ಒಳಗಿನಿಂದ ಚನ್ನವ್ವ ಓಡಿ ಬಂದಳು. "ಕೇಳಿದೇನೋ ಸೋಮಾ? ನಾಳೆ ಒಂದ ದಿನ ಆದ್ರ ಮೂಡಲಗಿ ಮಂದಿ ಬರತಾರ, ಇವತ್ತ ಹಕ್ಕಿ ಕಥಿ! ಅವತ್ತ ಯಾಕ ಬಾಯಿ ಬಿಡಲಿಲ್ಲವಾ ಗಂಗವ್ವ?"

"ಅಂಜಿದ್ನಿ ಅತ್ತಿ," ಎಂದಳು ಅವಳು. "ನನಗ ಅವರ ಬೇಕಾಗಿದ್ರು. ಬೇಕಾದಾಕಿ ಹೇಳಿದ ಮಾತು ಯಾರ ನಂಬತಾರ ಅಂತ ಅಂಜಿದ್ನಿ. ಅಜ್ಜಗೂ ಅಂಜಿದ್ನಿ. ಇವತ್ತೂ ಅಂಜಿಕಿ ಐತಿ. ಆದ್ರ ಕಂಡದ್ದ ನುಂಗಿಕೊಂಡ ಮೂಡಲಗಿಗೆ ಹೋದ್ರ, ಆ ಮನುಷ್ಯಾಗೂ ಮೋಸ ಆಗತೈತಿ."

ಕಡಾಯಿಯಿಂದ ಕರಕಲು ವಾಸನೆ ಎದ್ದಿತು. ಪಾಕ ಸೀದುಹೋಗುತ್ತಿತ್ತು. ಸೋಮಪ್ಪ ಅದರ ಕಡೆ ನೋಡಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದ.

"ಮತ್ತೊಮ್ಮಿ ಹೂ ಕೇಳೂಹಂಗಿಲ್ಲೋ," ಚನ್ನವ್ವ ಎಚ್ಚರಿಸಿದಳು. "ಅಜ್ಜ ಮುನಿದಾನು."

"ಕೇಳೂದಿಲ್ಲ ಅಕ್ಕಾ." ಸೋಮಪ್ಪ ಸೌಟು ಕೆಳಗಿಟ್ಟ. "ಹೂವಿಗೆ ಕೇಳಿದೆ, ಅಯ್ಯನವರಿಗೆ ಕೇಳಿದೆ, ನಿನಗ ಕೇಳಿದೆ. ಈ ಕೂಸಿಗೆ ಏನ ಬೇಕಂತ ಒಂದ ಸಲಾನೂ ಕೇಳಲಿಲ್ಲ ನಾ. ಇವರವ್ವ ಇದ್ದಿದ್ರ ಮೊದಲ ಅದನ್ನ ಕೇಳತಿದ್ಲು." ಅವನು ಅಂಟಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮಗಳ ಮುಂದೆ ಬಂದು ನಿಂತ. "ಈಗ ಕೇಳತೇನಿ. ಅಜ್ಜ ಸಿಟ್ಟಾದ್ರ ಜವಾಬು ಕೊಡಾಂವ ನಾನು. ಹೇಳವಾ, ಎಡಕ್ಕೋ ಬಲಕ್ಕೋ?"

ಅವಳು ಅಪ್ಪನ ಎದೆಗೆ ಹಣೆ ಹಚ್ಚಿದಳು.

"ಬಲಕ್ಕ, ಅಪ್ಪಾ..."

ಚನ್ನವ್ವ ಹೋಗಿ ಕಡಾಯಿಯನ್ನು ಒಲೆಯಿಂದ ಇಳಿಸಿದಳು. ಅವಳು ಆ ಲಗ್ನಕ್ಕೆ ಬರಲಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಗಾಯ ಆ ಮನೆಯಲ್ಲಿ ಬಹುಕಾಲ ಮಾಯಲಿಲ್ಲ.

ಚಾವಡಿಯ ಮುಂದೆ ಲಾರಿಯ ಇಂಜಿನ್ನು ಶುರುವಾಗಿತ್ತು. ಸೋಮಪ್ಪ ದಣಿದು ಏದುಸಿರು ಬಿಡುತ್ತ ಶಿದ್ರಾಮನ ಬಳಿ ಹೋದ. "ತಮ್ಮಾ, ನಿಮ್ಮ ತಾಯೀನ ಕರಕೊಂಡ ಬಾ. ಈ ಸಲ ವೀಳ್ಯದೆಲಿ ತಯಾರಿಟ್ಟಿರತೇನಿ." ಅಷ್ಟೇ ಹೇಳಿ, ಡ್ರೈವರನಿಗೆ ಏನೋ ಹೇಳುವವನಂತೆ ಲಾರಿಯ ಆಚೆ ಬದಿಗೆ ನಡೆದುಹೋದ.

ಅಪ್ಪನ ಹಿಂದೆಯೇ ಬಂದ ಶಿವಗಂಗವ್ವ ಚಾವಡಿಯ ಪಕ್ಕದ ಬೇವಿನ ಕಟ್ಟೆಯ ಹತ್ತಿರ ನಿಂತಿದ್ದಳು. ಶಿದ್ರಾಮ ಎದುರು ಬಂದ. 

"ಅಂಜಿಕಿ ಹೋತೇನ್ರಿ?" ಅವನು ಕೇಳಿದ.

"ಇಲ್ಲ. ಅಪ್ಪಗ ಏನಾದ್ರೂ ಆದೀತು ಅಂತ ಅಂಜಿಕಿ ಐತಿ. ನೀವು?"

"ನನಗೂ ಐತಿ. ಹಿಡಕಲ್ಲಿನಾಗ ಇನ್ನ ಮನಿ ಇಲ್ಲ, ಬರೇ ತಗಡಿನ ಶೆಡ್ಡು. ಕಲ್ಲು, ಧೂಳಿ. ಬರತೀರೇನ?"

"ಶೆಡ್ಡಿಗೆ ಬಾಗಿಲಾ ಐತೇನ?"

"ಐತಿ."

"ಹಂಗಾರ ಸಾಕು."

ಲಾರಿಯ ಹಾರ್ನು ಕೂಗಿತು. ಅವನು ಹೊರಟವನು ತಿರುಗಿ ನಿಂತ. "ಒಂದ ಕೇಳಲೇನ್ರಿ? ಲಗ್ನ ಆದಮ್ಯಾಲ ನೀವು ನನ್ನ ಹೆಸರ ಹೇಳಂಗಿಲ್ಲ. ಈಗ ಒಂದ ಸಲ..."

"ಹಂದರದಾಗ ಒಡಪ ಕಟ್ಟಿ ನಿಮ್ಮ ಹೆಸರ ಹೇಳತೇನಿ. ಊರ ಮಂದಿ ಎಲ್ಲಾ ಕೇಳಲಿ."

"ಅದು ಊರಿಗೆ. ಇದು ನನಗೊಬ್ಬಗ."

ಅವಳು ಆಚೀಚೆ ನೋಡಿದಳು. ಕೆನ್ನೆ ಕೆಂಪಾಯಿತು. ಇಂಜಿನ್ನಿನ ಸದ್ದಿನಲ್ಲಿ ಅವನಿಗಷ್ಟೇ ಕೇಳುವಷ್ಟು ಮೆಲ್ಲಗೆ ಅಂದಳು.

"ಶಿದ್ರಾಮ... ಹುಷಾರಾಗಿ ಹೋಗಿ ಬರ್ರಿ."